ಎಂತಕ್ಕಾದರೂ ಬೇಕಾದೀತು

ತಿಂಗಳಿಗೊಮ್ಮೆ ನಮ್ಮ ಮನೆಯ ಜಗಲಿಯಲ್ಲಿ ಒಂದು ಸಣ್ಣ ಪಂಚಾಯಿತಿಕೆ ನಡೆಯುತ್ತದೆ. ಮನೆ ಮನೆಯಿಂದ ಒಣಕಸ ಒಯ್ಯುವ ಹರಿತ ಕರ್ಮ ಸೇನೆಯ ಇಬ್ಬರು ಹೆಂಗಸರು ಹಸಿರು ಕೋಟು ಹಾಕಿಕೊಂಡು ಬರುತ್ತಾರೆ. ಬಾಗಿಲ ಪಕ್ಕದ ಕ್ಯೂಆರ್ ಕೋಡಿಗೆ ಮೊಬೈಲು ಹಿಡಿಯುತ್ತಾರೆ, 50 ರೂಪಾಯಿ ತೆಗೆದುಕೊಳ್ಳುತ್ತಾರೆ, ನಾನು ತೊಳೆದು ಒಣಗಿಸಿಟ್ಟ ಪ್ಲಾಸ್ಟಿಕ್ಕನ್ನು ಗೋಣಿಗೆ ತುಂಬುತ್ತಾರೆ. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಅದರ ಜೊತೆ ಒಂದು ಮುರಿದ ಕೊಡೆಯನ್ನೂ ಇಟ್ಟಿದ್ದೆ. ಅವರಲ್ಲಿ ದೊಡ್ಡವರು ಅದನ್ನು ಮೆಲ್ಲನೆ ಬದಿಗೆ ಸರಿಸಿದರು. "ಇದ್ ಎಡ್ಕೂಲ ಚೇಚೀ." ಇದನ್ನು ತೆಗೆದುಕೊಳ್ಳುವುದಿಲ್ಲ ಅಕ್ಕಾ. ಈ ತಿಂಗಳು ಬರೀ ಪ್ಲಾಸ್ಟಿಕ್. ಬಟ್ಟೆ, ಚೀಲ, ಚಪ್ಪಲಿಗೆಲ್ಲ ಬೇರೆ ತಿಂಗಳಿದೆ, ಆಗ ಕೊಡಿ ಎಂದು ಕ್ಯಾಲೆಂಡರ್ ತೋರಿಸಿದರು.

ಒಳಗಿನಿಂದ ಅತ್ತೆಯ ದನಿ ಬಂತು. "ಇರಲಿ ಬಿಡು. ಎಂತಕ್ಕಾದರೂ ಬೇಕಾದೀತು."

ಕಾಸರಗೋಡಿನ ಯಾವ ಮನೆಯಲ್ಲಿ ಈ ಮಾತು ಕೇಳಿಲ್ಲ ಹೇಳಿ? ನಮ್ಮ ಅಟ್ಟ ತುಂಬಿರುವುದೇ ಈ ಮಾತಿನಿಂದ. ಆದರೆ ಇದೇ ಮಾತಿನ ಬುಡದಲ್ಲಿ ಒಂದು ಒಳ್ಳೆಯ ವಿದ್ಯೆಯೂ ಇದೆ. ಈಗ ಅದಕ್ಕೆ ಅಪ್‌ಸೈಕ್ಲಿಂಗ್ ಎಂಬ ಹೆಸರು ಬಂದಿದೆ. ಬೇಡವಾದ ವಸ್ತುವನ್ನು ಕರಗಿಸದೆ, ಪುಡಿ ಮಾಡದೆ, ಅದರ ಗುಣವನ್ನೇ ಹಿಡಿದು ಮೊದಲಿಗಿಂತ ಹೆಚ್ಚು ಉಪಯೋಗದ ಅಥವಾ ಹೆಚ್ಚು ಚಂದದ ಇನ್ನೊಂದು ವಸ್ತು ಮಾಡುವುದು. ಮೊಬೈಲು ತೆರೆದರೆ ಇಂಥ ವಿಡಿಯೊಗಳದ್ದೇ ಸಾಲು. ಅವುಗಳಲ್ಲಿ ಯಾವುದರಿಂದ ಲಾಭ, ಯಾವುದು ಸುಮ್ನೆ ಹೊತ್ತು ಕಳೆಯುವುದು, ಯಾವುದರಲ್ಲಿ ಅಪಾಯ ಎಂದು ತಿಳಿಯಬೇಕಾದರೆ ಸ್ವಲ್ಪ ಬುಡದಿಂದ ಶುರು ಮಾಡಬೇಕು.

ಈಗ ಯಾಕೆ ಈ ಮಾತು

ಹಿಂದೆ ನಮಗೆ ಕಸ ಅನ್ನುವುದು ದೊಡ್ಡ ತಲೆನೋವಾಗಿರಲಿಲ್ಲ. ಅಡುಗೆಮನೆಯದ್ದು ತೆಂಗಿನ ಬುಡಕ್ಕೆ, ಕಾಗದ ಬಚ್ಚಲ ಒಲೆಗೆ, ಕಬ್ಬಿಣ ಗುಜರಿಯವನಿಗೆ. ಪ್ಲಾಸ್ಟಿಕ್ ಬಂದ ಮೇಲೂ ಅದೇ ಬಚ್ಚಲ ಒಲೆಗೆ ಹೋಯಿತು. ಕಪ್ಪು ಹೊಗೆ ಬರುತ್ತಿತ್ತು, ಮೂಗು ಮುಚ್ಚಿಕೊಳ್ಳುತ್ತಿದ್ದೆವು, ಅಷ್ಟೆ.

2023ರ ಮಾರ್ಚ್ 2ರಂದು ಕೊಚ್ಚಿಯ ಬ್ರಹ್ಮಪುರಂ ಕಸದ ಗುಡ್ಡೆಗೆ ಬೆಂಕಿ ಬಿತ್ತು. ಹತ್ತು ದಿನಕ್ಕೂ ಜಾಸ್ತಿ ಉರಿಯಿತು. ಇಡೀ ಊರು ಹೊಗೆಯಲ್ಲಿ ಮುಳುಗಿತು. ಅದಾದ ಮೇಲೆ ಕೇರಳದಲ್ಲಿ ಕಸದ ನಿಯಮ ಬಿಗಿಯಾಯಿತು. ಕಂಡಲ್ಲಿ ಎಸೆದರೆ, ಸುಟ್ಟರೆ ದಂಡ. ಕೊಡುವುದನ್ನು ತೊಳೆದು, ಒಣಗಿಸಿ, ಬೇರೆ ಮಾಡಿ ಕೊಡಬೇಕು. ಸುಡಬಾರದು ಅನ್ನುವುದಕ್ಕೆ ಕಾರಣ ಬರೀ ವಾಸನೆ ಅಲ್ಲ. ಪಿವಿಸಿ ಎಂಬ ಜಾತಿಯ ಪ್ಲಾಸ್ಟಿಕ್ಕಿನಲ್ಲಿ ಕ್ಲೋರಿನ್ ಇದೆ. ಮಳೆಗಾಲದ ಅಗ್ಗದ ಚಪ್ಪಲಿ, ಫ್ಲೆಕ್ಸ್, ಹಳೆಯ ಪೈಪು ಎಲ್ಲ ಇದರದ್ದೇ. ಬಚ್ಚಲ ಒಲೆಯಷ್ಟು ಸಣ್ಣ ಉರಿಯಲ್ಲಿ ಇದು ಅರ್ಧಂಬರ್ಧ ಸುಟ್ಟರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ಹಸುವಿನ ಹಾಲಿನವರೆಗೂ ಬರಬಲ್ಲದು.

ಹೀಗೆ ಸುಡುವ ದಾರಿ, ಎಸೆಯುವ ದಾರಿ ಎರಡೂ ಮುಚ್ಚಿದವು. ಕೈಯಲ್ಲಿ ಉಳಿದ ವಸ್ತುವನ್ನು ಎಲ್ಲರೂ ತಿರುಗಿಸಿ ತಿರುಗಿಸಿ ನೋಡಲು ಶುರು ಮಾಡಿದ್ದು ಆಗಲೇ. ಇದನ್ನು ಏನು ಮಾಡಬಹುದು?

ಒಂದು ಸೀರೆ, ನಾಲ್ಕು ದಾರಿ

ಕನ್ನಡದಲ್ಲಿ ನಾವು ಎಲ್ಲದಕ್ಕೂ ಮರುಬಳಕೆ ಅಂದುಬಿಡುತ್ತೇವೆ. ಗೊಂದಲ ಶುರುವಾಗುವುದು ಅಲ್ಲೇ. ಒಂದು ಹಳೆಯ ನೂಲಿನ ಸೀರೆ ಇಟ್ಟುಕೊಂಡು ನೋಡೋಣ.

ಸೀರೆಯನ್ನು ನಾದಿನಿಗೆ ಕೊಟ್ಟಿರಿ, ಅವಳು ಉಟ್ಟಳು. ಇದು ನಿಜವಾದ ಅರ್ಥದ ಮರುಬಳಕೆ. ವಸ್ತು ಅದೇ, ಕೆಲಸವೂ ಅದೇ. ಇದಕ್ಕಿಂತ ಅಗ್ಗದ, ಸುಲಭದ ದಾರಿ ಇನ್ನೊಂದಿಲ್ಲ.

ಸೀರೆಯನ್ನು ಯಂತ್ರಕ್ಕೆ ಹಾಕಿ ನೂಲೆಲ್ಲ ಬಿಡಿಸಿ ಎಳೆ ಮಾಡಿ, ಆ ಎಳೆಯಿಂದ ಮತ್ತೆ ಬಟ್ಟೆ ನೇಯ್ದರೆ ಅದು ರೀಸೈಕ್ಲಿಂಗ್. ವಸ್ತುವಿನ ಆಕಾರ ಪೂರ್ತಿ ಹೋಗಿ ಕಚ್ಚಾಮಾಲು ಆಗುತ್ತದೆ.

ಸೀರೆಯನ್ನು ಹರಿದು ಅಡುಗೆಮನೆಯ ಮಸಿಬಟ್ಟೆ ಮಾಡಿದಿರಿ. ಉಪಯೋಗಕ್ಕೆ ಬಂತು ನಿಜ, ಆದರೆ ಬೆಲೆ ಇಳಿಯಿತು. ಇದಕ್ಕೆ ಡೌನ್‌ಸೈಕ್ಲಿಂಗ್ ಅನ್ನುತ್ತಾರೆ. ಮಸಿಬಟ್ಟೆಯಿಂದ ಮುಂದಕ್ಕೆ ಹೋಗುವ ದಾರಿ ಒಂದೇ, ಕಸದ ಬುಟ್ಟಿ.

ಅದೇ ಸೀರೆಯನ್ನು ನಾಲ್ಕೈದು ಪದರ ಮಡಚಿ, ಅಂಚನ್ನು ಮೇಲೆ ಬರುವಂತೆ ಇಟ್ಟು, ಒತ್ತೊತ್ತಾಗಿ ಹೊಲಿದು ಕೌದಿ ಮಾಡಿದಿರಿ. ಪದರಗಳ ನಡುವೆ ಗಾಳಿ ಸಿಕ್ಕಿಕೊಂಡು ಬೆಚ್ಚಗಾಗುತ್ತದೆ. ತೊಳೆದು ತೊಳೆದು ಮೆತ್ತಗಾದ ನೂಲು ಹೊಸ ಬಟ್ಟೆಗಿಂತ ಮೈಗೆ ಹಿತ. ಅಂದರೆ ಸೀರೆ ಹಳತಾದದ್ದೇ ಇಲ್ಲಿ ಗುಣವಾಯಿತು. ಇದು ಅಪ್‌ಸೈಕ್ಲಿಂಗ್.

ಈ ಪದ ಅಚ್ಚಿನಲ್ಲಿ ಕಾಣಿಸಿಕೊಂಡದ್ದು 1994ರಲ್ಲಿ, ರೈನರ್ ಪಿಲ್ಟ್ಸ್ ಎಂಬ ಜರ್ಮನ್ ಎಂಜಿನಿಯರ್ ಆಡಿದ ಮಾತಿನಲ್ಲಿ. ಹಳೆ ಕಟ್ಟಡ ಕೆಡವುವಾಗ ಒಳ್ಳೊಳ್ಳೆ ಇಟ್ಟಿಗೆಯನ್ನೆಲ್ಲ ಪುಡಿ ಮಾಡಿ ಅದನ್ನೇ ರೀಸೈಕ್ಲಿಂಗ್ ಅನ್ನುತ್ತಾರೆ, ನಾನಾದರೆ ಡೌನ್‌ಸೈಕ್ಲಿಂಗ್ ಅನ್ನುತ್ತೇನೆ, ಹಳೆ ವಸ್ತುವಿನ ಬೆಲೆ ಏರುವ ಕೆಲಸ ಆಗಬೇಕು ಎನ್ನುವುದು ಅವರ ವಾದವಾಗಿತ್ತು.

ಹಾಗಂತ ರೀಸೈಕ್ಲಿಂಗ್ ಕೆಟ್ಟದ್ದು ಅಂತಲ್ಲ. ಅದು ವಸ್ತು ಯಾವುದು ಎಂಬುದರ ಮೇಲೆ ಹೋಗುತ್ತದೆ. ಅಲ್ಯುಮಿನಿಯಂ ಪಾತ್ರೆಯನ್ನು ಕರಗಿಸಿ ಮತ್ತೆ ಅಲ್ಯುಮಿನಿಯಂ ಮಾಡಲು, ಅದಿರಿನಿಂದ ಹೊಸದಾಗಿ ತೆಗೆಯಲು ಬೇಕಾದ ಶಕ್ತಿಯ ಸುಮಾರು ಶೇ. 5ರಷ್ಟು ಸಾಕು. ಎಷ್ಟು ಸಲ ಕರಗಿಸಿದರೂ ಗುಣ ಇಳಿಯುವುದಿಲ್ಲ. ಆದ್ದರಿಂದ ತೂತಾದ ಪಾತ್ರೆಯನ್ನು ಗುಜರಿಗೆ ಕೊಡುವುದೇ ಜಾಣತನ. ಕಾಗದದ ಕತೆ ಬೇರೆ. ತೆಂಗಿನ ನಾರಿನ ಹಳೆ ಹಗ್ಗವನ್ನು ಬಿಡಿಸಿ ಮತ್ತೆ ಹೊಸೆಯುತ್ತಾ ಹೋದರೆ ನಾರು ತುಂಡಾಗುತ್ತಾ ಬರುತ್ತದೆ, ಅಲ್ವಾ? ಕಾಗದದ ಎಳೆಯೂ ಹಾಗೇ. ಐದರಿಂದ ಏಳು ಸಲ ಆದ ಮೇಲೆ ಅದರಲ್ಲಿ ಜೀವ ಉಳಿಯುವುದಿಲ್ಲ. ಪ್ಲಾಸ್ಟಿಕ್ಕೂ ಪ್ರತಿ ಸಲ ಕರಗಿದಾಗ ಸ್ವಲ್ಪ ಸೋಲುತ್ತದೆ.

ನಾವು ಕೊಟ್ಟ ಕೊಳಕು, ಬೆರಕೆ ಪ್ಲಾಸ್ಟಿಕ್ ಎಲ್ಲಿಗೆ ಹೋಗುತ್ತದೆ? ಒಂದಷ್ಟು ಪುಡಿಯಾಗಿ ಡಾಂಬರಿನ ಜೊತೆ ರಸ್ತೆಗೆ ಸೇರುತ್ತದೆ. ಮದುರೈಯ ತ್ಯಾಗರಾಜರ್ ಎಂಜಿನಿಯರಿಂಗ್ ಕಾಲೇಜಿನ ಆರ್. ವಾಸುದೇವನ್ ಬೆಳೆಸಿದ ಉಪಾಯ ಅದು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಇನ್ನೊಂದಷ್ಟು ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಉರುವಲಾಗುತ್ತದೆ. ಎರಡೂ ಕಡೆ ಅದರ ಪ್ರಯಾಣ ಮುಗಿದ ಹಾಗೆ.

ಹಾಳೆ, ಗೆರಟೆ, ಹಲಸು

ಜರ್ಮನಿಯಲ್ಲಿ ಪದ ಹುಟ್ಟುವ ಮೊದಲೇ ನಮ್ಮ ತೋಟದಲ್ಲಿ ಕೆಲಸ ನಡೆದಿತ್ತು. ಅಡಿಕೆ ಮರದಿಂದ ವರ್ಷಕ್ಕೆ ಐದಾರು ಸೋಗೆ ಬೀಳುತ್ತದೆ, ಅದರ ಜೊತೆ ಸೋಗೆಯ ಬುಡದ ಅಗಲ ಹಾಳೆ. ಬಿದ್ದದ್ದು ಮರಕ್ಕೆ ಬೇಡವಾದ ವಸ್ತು. ಅದನ್ನು ನೆನೆಹಾಕಿದರೆ ಬಟ್ಟೆಯಂತೆ ಬಾಗುತ್ತದೆ, ಒಣಗಿದರೆ ಬಾಗಿದ ಆಕಾರದಲ್ಲೇ ನಿಲ್ಲುತ್ತದೆ. ಒಳಮೈ ನುಣುಪು, ನೀರು ಬೇಗ ಇಳಿಯುವುದಿಲ್ಲ. ಉದ್ದಕ್ಕೆ ನಾರು ಇರುವುದರಿಂದ ಸುಲಭವಾಗಿ ಹರಿಯುವುದೂ ಇಲ್ಲ. ಇಷ್ಟು ಗುಣ ನೋಡಿದವರು ಅದರಲ್ಲಿ ತಲೆಗೆ ಇಡುವ ಟೊಪ್ಪಿ, ಅಂದರೆ ಮುಟ್ಟಾಳೆ ಮಾಡಿದರು, ಬೀಸಣಿಗೆ ಮಾಡಿದರು. ಮಕ್ಕಳು ಅದರ ಮೇಲೆ ಕೂತು ಎಳೆಸಿಕೊಂಡರು. ಇವತ್ತು ಅದೇ ಹಾಳೆಯನ್ನು ನೆನೆಸಿ, ಬಿಸಿ ಅಚ್ಚಿನ ಕೆಳಗೆ ಒತ್ತಿ ತಟ್ಟೆ ಮಾಡುತ್ತಾರೆ. ಗಮ್ಮು ಬೇಡ, ಮೇಣ ಬೇಡ. ಯಂತ್ರ ಹೊಸದು, ವಿದ್ಯೆ ಮುಟ್ಟಾಳೆಯದ್ದೇ.

ತೆಂಗಿನಕಾಯಿಯ ಚಿಪ್ಪು, ನಮ್ಮ ಗೆರಟೆಯೂ ಹಾಗೆ. ಬಿದಿರಿನ ಹಿಡಿ ಸಿಕ್ಕಿಸಿದರೆ ಸೌಟು, ರಬ್ಬರ್ ಮರಕ್ಕೆ ಕಟ್ಟಿದರೆ ಹಾಲು ಹಿಡಿಯುವ ಬಟ್ಟಲು. ಗಟ್ಟಿ ಇದೆ, ಬಿಸಿ ಕೈಗೆ ಏರುವುದಿಲ್ಲ. ಗಾಳಿಯಾಡದಂತೆ ಸುಟ್ಟು ಇದ್ದಿಲು ಮಾಡಿ, ಇನ್ನಷ್ಟು ಸಂಸ್ಕರಿಸಿದರೆ ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳು ಮೂಡುತ್ತವೆ. ಆ ತೂತುಗಳು ವಾಸನೆ, ಬಣ್ಣ ಎಲ್ಲ ಹೀರಿಕೊಳ್ಳುತ್ತವೆ. ಮನೆಯ ನೀರಿನ ಫಿಲ್ಟರ್‌ನ ಕಪ್ಪು ಪುಡಿ ಅನೇಕ ಸಲ ಇದೇ ಗೆರಟೆಯ ಇದ್ದಿಲು. ಹಲಸಿನಲ್ಲಂತೂ ಬಿಡುವುದಕ್ಕೇ ಏನೂ ಇಲ್ಲ. ಸೊಳೆ ನಮಗೆ, ಬೇಳೆ ಸಾಂಬಾರಿಗೆ, ರೆಚ್ಚೆ ದನಕ್ಕೆ.

ಆದರೆ ಅಜ್ಜಿಯ ಕಾಲಕ್ಕೂ ನಮ್ಮ ಕಾಲಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಅವರ ಕೈಯಲ್ಲಿದ್ದ ಹೆಚ್ಚಿನ ವಸ್ತುಗಳು ಒಂದೇ ಜಾತಿಯವು. ಹಾಳೆ ಅಂದರೆ ಹಾಳೆ, ತಾಮ್ರ ಅಂದರೆ ತಾಮ್ರ. ಎಲ್ಲೇ ಬಿದ್ದರೂ ಮಣ್ಣಾಗುತ್ತಿತ್ತು ಅಥವಾ ಕರಗಿಸಬಹುದಿತ್ತು. ನಮ್ಮ ಕೈಗೆ ಬರುವುದು ಬೆರಕೆ. ಒಂದು ಚಿಪ್ಸ್ ಪ್ಯಾಕೆಟ್ಟಿನಲ್ಲೇ ಬೇರೆ ಬೇರೆ ಪ್ಲಾಸ್ಟಿಕ್ಕು, ಅಲ್ಯುಮಿನಿಯಂ ಲೇಪ, ಶಾಯಿ ಎಲ್ಲ ಅಂಟಿಕೊಂಡಿರುತ್ತವೆ. ಜ್ಯೂಸಿನ ಡಬ್ಬದಲ್ಲಿ ಕಾಗದ, ಪ್ಲಾಸ್ಟಿಕ್, ಅಲ್ಯುಮಿನಿಯಂ ಮೂರೂ ಇವೆ. ಅವನ್ನು ಬೇರ್ಪಡಿಸುವುದೇ ಕಷ್ಟ. ಅದಕ್ಕೇ ಈಗ ವಸ್ತುವನ್ನು ಓದಲು ಕಲಿಯಬೇಕಾಗಿದೆ.

ವಸ್ತುವನ್ನು ಓದುವುದು

ಡಬ್ಬವನ್ನು ಮಗುಚಿ ಹಾಕಿ ಅಡಿ ನೋಡಿ. ಮೂರು ಬಾಣದ ತ್ರಿಕೋನ, ಅದರೊಳಗೆ 1ರಿಂದ 7ರವರೆಗೆ ಒಂದು ಅಂಕಿ. ಈ ಗುರುತು 1988ರಿಂದ ಇದೆ. ತ್ರಿಕೋನ ಇದ್ದ ಮಾತ್ರಕ್ಕೆ ಅದು ರೀಸೈಕಲ್ ಆಗುತ್ತದೆ ಅಂತ ಅರ್ಥವಲ್ಲ. ಅಂಕಿ ಹೇಳುವುದು ಪ್ಲಾಸ್ಟಿಕ್ಕಿನ ಜಾತಿ ಮಾತ್ರ. 1 ಅಂದರೆ ನೀರಿನ ಬಾಟಲಿಯ ಪೆಟ್. 2 ಅಂದರೆ ಎಚ್‌ಡಿಪಿಇ, ನಮ್ಮ ತೋಟದ ನೀಲಿ ಡ್ರಮ್ಮು. 3 ಪಿವಿಸಿ. 4 ತೆಳು ಚೀಲ. 5 ಪಾಲಿಪ್ರೊಪಿಲೀನ್, ಅಕ್ಕಿಯ ಪ್ಲಾಸ್ಟಿಕ್ ಗೋಣಿಯೂ ಅಂಗಳದ ಕುರ್ಚಿಯೂ ಇದರದ್ದೇ. 6 ಥರ್ಮೊಕೋಲ್. 7 ಉಳಿದದ್ದೆಲ್ಲ.

ನೀಲಿ ಡ್ರಮ್ಮನ್ನೇ ತೆಗೆದುಕೊಳ್ಳಿ. ಕಾರ್ಖಾನೆಗೆ ಏನೋ ತುಂಬಿಸಿ ತಂದು ಖಾಲಿಯಾದ ಮೇಲೆ ಅದು ಗುಜರಿ ಅಂಗಡಿಗೆ ಬರುತ್ತದೆ. ಅಲ್ಲಿಂದ ಅಡಿಕೆ ತೋಟಕ್ಕೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಕಲಸಲು ಅದೇ ಬೇಕು. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಕಬ್ಬಿಣದ ಡ್ರಮ್ಮಿನಲ್ಲಿ ಕಲಸಿದರೆ ಕೆಡುತ್ತದೆ. ಯಾಕೆ ಅಂತ ಮದ್ದು ಬಿಡುವವರಿಗೆ ಚೆನ್ನಾಗಿ ಗೊತ್ತು. ಮದ್ದು ಸರಿಯಾಗಿದೆಯೋ ಎಂದು ನೋಡಲು ಅವರು ಕತ್ತಿಯ ತುದಿಯನ್ನು ಅದರಲ್ಲಿ ಅದ್ದುತ್ತಾರೆ. ಕತ್ತಿಗೆ ಕೆಂಪು ಹಿಡಿದರೆ ಸುಣ್ಣ ಸಾಲದು. ಆ ಕೆಂಪು ತಾಮ್ರ. ಮೈಲುತುತ್ತಿನ ತಾಮ್ರ ಕಬ್ಬಿಣದ ಮೇಲೆ ಕೂತು, ಕಬ್ಬಿಣ ಕರಗಿ ನೀರಿಗೆ ಇಳಿಯುತ್ತದೆ. ಎಚ್‌ಡಿಪಿಇಗೆ ಇದರ ಗೊಡವೆಯೇ ಇಲ್ಲ. ಹೀಗೆ ಒಂದು ಕಡೆ ಬೇಡವಾದ ಡ್ರಮ್ಮು ಇನ್ನೊಂದು ಕಡೆ ಬೇಕೇ ಬೇಕಾದ ಪಾತ್ರೆ. ಆದರೆ ಒಳಗೆ ಮೊದಲು ಏನಿತ್ತು ಎಂದು ತಿಳಿಯದ ಡ್ರಮ್ಮಿನಲ್ಲಿ ಕುಡಿಯುವ ನೀರು ತುಂಬಬಾರದು. ಪ್ಲಾಸ್ಟಿಕ್ ಹೀರಿಕೊಳ್ಳುತ್ತದೆ, ತೊಳೆದರೂ ಪೂರ್ತಿ ಹೋಗುವುದಿಲ್ಲ.

ಕಾಲು ಸೀಳಿದ ಕುರ್ಚಿಗೆ ಗಮ್ಮು ಹಾಕಿ ಸೋತವರು ಎಷ್ಟು ಮಂದಿಯೋ. 5ನೇ ಅಂಕಿಯ ಪ್ಲಾಸ್ಟಿಕ್ಕಿನ ಮೈ ಮೇಣದ ಹಾಗೆ, ಗಮ್ಮು ಕಚ್ಚುವುದೇ ಇಲ್ಲ. ಅದಕ್ಕೆ ಕಾಯಿಸಿದ ಸೂಜಿಯಿಂದ ತೂತು ಮಾಡಿ ಸಪೂರದ ತಂತಿಯಲ್ಲಿ ಹೊಲಿಯುವುದೇ ಮದ್ದು. ನೋಡಲು ಆಪರೇಷನ್ ಆದ ಕಾಲಿನ ಹಾಗೆ ಕಾಣುತ್ತದೆ, ಆದರೆ ಕೂರಬಹುದು.

ಮರದ ವಿಷಯ. ಸಾಮಾನು ಸಾಗಿಸುವ ಮರದ ಪ್ಯಾಲೆಟ್ಟುಗಳು ಮಂಗಳೂರು ಕಡೆಯ ಗುಜರಿಗಳಲ್ಲಿ ಸಿಗುತ್ತವೆ. ಬೆಂಚು, ಚಪ್ಪಲಿ ಸ್ಟ್ಯಾಂಡು ಮಾಡಲು ಚೆನ್ನ. ದೇಶದಿಂದ ದೇಶಕ್ಕೆ ಹೋಗುವ ಪ್ಯಾಲೆಟ್ಟಿನ ಮೇಲೆ ಹುಳ ಸಾಯಲು ಏನು ಮಾಡಿದ್ದಾರೆ ಎಂದು ಒತ್ತಿದ ಮುದ್ರೆ ಇರುತ್ತದೆ. ಎಚ್‌ಟಿ ಎಂದಿದ್ದರೆ ಬಿಸಿ ಮಾಡಿದ್ದು, ತೊಂದರೆಯಿಲ್ಲ. ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷದ ಗಾಳಿ ಹಾಯಿಸಿದ್ದು. ಅದನ್ನು ಮನೆಯೊಳಗೆ ತರಬೇಡಿ.

ಟೈರನ್ನು ಕರಗಿಸಲಾಗುವುದಿಲ್ಲ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಹಾಕಿ ಬಿಸಿ ಮಾಡಿದರೆ ಗಟ್ಟಿಯಾಗುತ್ತದೆ ಎಂದು ಕಂಡುಕೊಂಡರು. ಗಂಧಕ ಒಳಗಿನ ಎಳೆಗಳನ್ನೆಲ್ಲ ಒಂದಕ್ಕೊಂದು ಹೊಲಿದುಬಿಡುತ್ತದೆ. ಮೊಟ್ಟೆ ಬೇಯಿಸಿದ ಹಾಗೆ, ಮತ್ತೆ ಹಿಂದಕ್ಕೆ ಬರುವುದಿಲ್ಲ. ಹಾಗಾಗಿ ಟೈರಿಗೆ ಇದ್ದ ರೂಪದಲ್ಲೇ ಇನ್ನೊಂದು ಕೆಲಸ ಕೊಡುವುದು ಲಾಭ. ಉಯ್ಯಾಲೆ ಆಗಲಿ, ಹಗ್ಗ ಸುತ್ತಿದ ಮಣೆ ಆಗಲಿ.

ಕೊಡೆ ಬಿಚ್ಚಿದಾಗ

ಈಗ ನಮ್ಮ ಮುರಿದ ಕೊಡೆಗೆ ಬರೋಣ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುವ ಜಿಲ್ಲೆ ನಮ್ಮದು. ಕೊಡೆ ಮುರಿಯದ ಮನೆ ಇಲ್ಲ. ಮುರಿಯುವುದು ಕಡ್ಡಿ, ಬಟ್ಟೆಗೆ ಏನೂ ಆಗಿರುವುದಿಲ್ಲ. ಅದು ನೀರು ಹಿಡಿಯದ, ಹಗುರದ, ಬೇಗ ಒಣಗುವ ಪಾಲಿಯೆಸ್ಟರ್ ಅಥವಾ ನೈಲಾನ್. ಇಂಥ ಬಟ್ಟೆ ಯಾವುದಕ್ಕೆ ಒದಗುತ್ತದೆ? ಮೀನು ತರುವ ಚೀಲಕ್ಕೆ, ಒದ್ದೆ ಬಟ್ಟೆ ಹಾಕುವ ಚೀಲಕ್ಕೆ.

ಮೊದಲು ತುದಿಯ ಸಣ್ಣ ಟೊಪ್ಪಿಗಳನ್ನು ತೆಗೆದೆ. ಕಡ್ಡಿಗೆ ಬಟ್ಟೆ ಕಟ್ಟಿದ ನೂಲನ್ನು ಬ್ಲೇಡಿನಲ್ಲಿ ಕತ್ತರಿಸಿದೆ. ನೆತ್ತಿಯ ತಿರುಪು ಬಿಚ್ಚಿದಾಗ ಇಡೀ ಬಟ್ಟೆ ಕಳಚಿ ಬಂತು. ಸೋಪಿನ ನೀರಲ್ಲಿ ನೆನೆಸಿ ತೊಳೆದು ನೆರಳಿನಲ್ಲಿ ಒಣಗಿಸಿದೆ. ಆಮೇಲೆ ಹೊಲಿಗೆ ಬಿಚ್ಚಿದರೆ ಎಂಟು ತ್ರಿಕೋನ. ಪ್ರತಿಯೊಂದಕ್ಕೂ ಅಡಿಯಲ್ಲಿ ಸುಮಾರು 44 ಸೆಂಟಿಮೀಟರ್ ಅಗಲ, 53 ಸೆಂಟಿಮೀಟರ್ ಎತ್ತರ.

ಇಲ್ಲಿ ಒಂದು ಮಜಾ ಇದೆ. ತ್ರಿಕೋನಗಳನ್ನು ಒಂದೇ ದಿಕ್ಕಿಗೆ ಇಟ್ಟು ಹೊಲಿದರೆ ಮತ್ತೆ ಕೊಡೆಯೇ ಆಗುತ್ತದೆ. ಒಂದು ನೆಟ್ಟಗೆ, ಪಕ್ಕದ್ದು ತಲೆಕೆಳಗೆ, ಮತ್ತೊಂದು ನೆಟ್ಟಗೆ, ಹೀಗೆ ಜೋಡಿಸಿದರೆ ನೇರ ಪಟ್ಟಿ ಆಗುತ್ತದೆ. ಇಡ್ಲಿ ತಟ್ಟೆ ಜೋಡಿಸುವಾಗ ಒಂದರ ಗುಳಿ ಇನ್ನೊಂದರ ಸಂದಿಗೆ ಬರುತ್ತದಲ್ಲ, ಹಾಗೆ. ನಾಲ್ಕು ತ್ರಿಕೋನ ಸೇರಿದಾಗ 88 ಸೆಂಟಿಮೀಟರ್ ಉದ್ದದ ಪಟ್ಟಿ, ಎರಡೂ ತುದಿ ಓರೆ. ಓರೆ ತುದಿ ಕತ್ತರಿಸಬೇಕು ಅಂದುಕೊಂಡಿದ್ದೆ, ಬೇಕಾಗಲಿಲ್ಲ. ಪಟ್ಟಿಯನ್ನು ಸುತ್ತಿ ಓರೆಗೆ ಓರೆ ಕೂಡಿಸಿ ಹೊಲಿದರೆ ಕೊಳವೆ ತಯಾರು. ಅಡಿ ಮುಚ್ಚಿದರೆ 44 ಸೆಂಟಿಮೀಟರ್ ಅಗಲದ ಚೀಲ. ಒಂದು ಕೊಡೆಗೆ ಎರಡು ಚೀಲ, ಚೂರು ಬಟ್ಟೆಯೂ ಹಾಳಾಗದೆ.

ಹೊಲಿಯುವಾಗ ನಾನು ಮಾಡಿದ ತಪ್ಪುಗಳನ್ನೂ ಹೇಳಬೇಕು. ಮೊದಲ ಚೀಲಕ್ಕೆ ಗುಂಡುಪಿನ್ನು ಚುಚ್ಚಿ ಬಟ್ಟೆ ಹಿಡಿಸಿದೆ. ಈ ಬಟ್ಟೆಯಲ್ಲಿ ಚುಚ್ಚಿದ ತೂತು ಮುಚ್ಚಿಕೊಳ್ಳುವುದಿಲ್ಲ, ಮೀನಿನ ನೀರು ಅಲ್ಲಿಂದಲೇ ತೊಟ್ಟಿಕ್ಕಿತು. ಎರಡನೆಯದಕ್ಕೆ ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿದೆ. ನೂಲಿನ ದಾರದಲ್ಲಿ ಹೊಲಿದದ್ದು ಒದ್ದೆಯಾಗಿ ಆಗಿ ಕೊಳೆಯಿತು, ಪಾಲಿಯೆಸ್ಟರ್ ದಾರ ಬೇಕು. ಇಸ್ತ್ರಿ ಪೆಟ್ಟಿಗೆಯನ್ನಂತೂ ಹತ್ತಿರ ತರಬೇಡಿ, ಕರಗಿ ಅಂಟಿಕೊಳ್ಳುತ್ತದೆ. ಹಿಡಿಗೆ ಮಗಳ ಹಳೆ ಶಾಲಾ ಚೀಲದ ಬೆಲ್ಟು ಸರಿಯಾಯಿತು. ಭಾರ ಬೀಳುವುದು ಹಿಡಿ ಕೂಡುವ ಜಾಗಕ್ಕೆ. ಅಲ್ಲಿ ಒಂದು ಚೌಕ ಹೊಲಿದು ಅದರೊಳಗೆ ಅಡ್ಡಡ್ಡ ಎರಡು ಗೆರೆ ಹೊಲಿದರೆ ಎಳೆತ ಎಲ್ಲ ಕಡೆಗೆ ಹಂಚಿಹೋಗುತ್ತದೆ.

ಚಂದ ಎಲ್ಲಿಂದ ಬರುತ್ತದೆ

ಒಂದು ಒಡೆದ ಬಳೆ ಕಸ. ಸಾವಿರ ಒಡೆದ ಬಳೆಯನ್ನು ಒತ್ತೊತ್ತಾಗಿ ನಿಲ್ಲಿಸಿದರೆ ನವಿಲಿನ ಮೈ. ಚಂಡೀಗಢದ ರಾಕ್ ಗಾರ್ಡನ್ ನೋಡಿದವರಿಗೆ ಇದು ಗೊತ್ತು. ನೇಕ್ ಚಂದ್ ಅಲ್ಲಿ ರಸ್ತೆ ಇನ್ಸ್‌ಪೆಕ್ಟರ್ ಆಗಿದ್ದವರು. ಹೊಸ ನಗರ ಕಟ್ಟಲು ಕೆಡವಿದ ಹಳ್ಳಿಗಳ ಅವಶೇಷ, ಒಡೆದ ಟೈಲು, ಪಿಂಗಾಣಿ, ಬಳೆ ಎಲ್ಲ ಸೈಕಲ್ಲಿನಲ್ಲಿ ಸಾಗಿಸಿ, ಕಾಡಿನ ಮಧ್ಯೆ ವರ್ಷಗಟ್ಟಲೆ ಗುಟ್ಟಾಗಿ ಶಿಲ್ಪ ಕಟ್ಟಿದರು. ಸರ್ಕಾರಿ ಜಾಗ, ಅನುಮತಿ ಇಲ್ಲ. ಸಿಕ್ಕಿಬಿದ್ದಾಗ ಕೆಡವುವ ಮಾತೂ ಬಂತು. ಕೊನೆಗೆ 1976ರಲ್ಲಿ ಅದೇ ತೋಟವನ್ನು ಜನರಿಗೆ ತೆರೆದರು, 1984ರಲ್ಲಿ ಅವರಿಗೆ ಪದ್ಮಶ್ರೀ ಸಿಕ್ಕಿತು. ಬೇಡದ ವಸ್ತು ಚಂದ ಕಾಣುವುದು ಹೆಚ್ಚಾಗಿ ಇಂಥ ಪುನರಾವರ್ತನೆಯಿಂದ. ಒಂದೇ ವಸ್ತು, ಒಂದೇ ಅಳತೆ, ಸಾಲಾಗಿ.

ನಮ್ಮ ಕಡೆ ಅಂಥ ವಸ್ತು ಹಂಚು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಆಮೇಲೆ ಈ ಕರಾವಳಿಯ ಮಾಡುಗಳೆಲ್ಲ ಕೆಂಪಾದವು. ಈಗ ಹಂಚಿನ ಮನೆ ಕೆಡವಿ ಟೆರೇಸು ಹಾಕುವವರೇ ಜಾಸ್ತಿ. ಹಿತ್ತಲಲ್ಲಿ ಹಂಚು ರಾಶಿ ಬಿದ್ದಿರುತ್ತದೆ.

ಆ ಹಂಚನ್ನು ಟೆರೇಸಿನ ಒಳಗೇ ಹಾಕಬಹುದು ಎಂದು ತೋರಿಸಿದವರು ಲಾರಿ ಬೇಕರ್. ಇಂಗ್ಲೆಂಡಿನಲ್ಲಿ ಹುಟ್ಟಿ, ತಿರುವನಂತಪುರದಲ್ಲಿ ನೆಲೆನಿಂತ ವಾಸ್ತುಶಿಲ್ಪಿ. ಅವರ ಉಪಾಯ ಅರ್ಥವಾಗಬೇಕಾದರೆ ಒಂದು ಹಸಿ ಬಾಳೆದಿಂಡನ್ನು ಎರಡೂ ತುದಿ ಹಿಡಿದು, ನಡು ಕೆಳಗೆ ಬಾಗುವಂತೆ ಬಗ್ಗಿಸಿ ನೋಡಿ. ಮೇಲ್ಮೈ ಸುಕ್ಕುಗಟ್ಟುತ್ತದೆ, ಕೆಳಮೈ ಬಿರುಕು ಬಿಡುತ್ತದೆ. ಟೆರೇಸಿನ ಸ್ಲ್ಯಾಬ್ ಕೂಡ ಭಾರಕ್ಕೆ ಹೀಗೇ ಕೆಲಸ ಮಾಡುತ್ತದೆ. ಮೇಲ್ಭಾಗ ಒತ್ತಡಕ್ಕೆ ಸಿಗುತ್ತದೆ, ಕೆಳಭಾಗ ಎಳೆತಕ್ಕೆ. ಕಾಂಕ್ರೀಟಿಗೆ ಒತ್ತಡ ತಡೆಯುವ ತಾಕತ್ತಿದೆ, ಎಳೆತಕ್ಕೆ ಇಲ್ಲ. ಎಳೆತವನ್ನು ಹೊರುವುದು ಒಳಗಿನ ಕಬ್ಬಿಣದ ಸರಳು. ಹಾಗಾದರೆ ಕೆಳಭಾಗದಲ್ಲಿ, ಸರಳುಗಳ ನಡುವೆ ತುಂಬಿದ ಕಾಂಕ್ರೀಟು ಬಹುಪಾಲು ಸುಮ್ನೆ ಕೂತಿರುತ್ತದೆ. ಬೇಕರ್ ಆ ಜಾಗದಲ್ಲಿ ಹಳೆ ಹಂಚು ಇಟ್ಟರು. ಕಾಂಕ್ರೀಟು ಉಳಿಯಿತು, ಭಾರ ಇಳಿಯಿತು. ಎರಡು ಹಂಚನ್ನು ಎದುರುಬದುರು ಕೂರಿಸಿದರೆ ನಡುವೆ ಗಾಳಿ ಉಳಿದು ಬಿಸಿಲ ಕಾವು ಕೆಳಗೆ ಇಳಿಯುವುದು ತಡವಾಗುತ್ತದೆ. ಒಳಗೆ ಮಲಗಿ ಮೇಲೆ ನೋಡಿದರೆ ಕೆಂಪು ಹಂಚಿನ ಸಾಲು. ಚಂದಕ್ಕೆ ಬೇರೆ ಖರ್ಚಿಲ್ಲ. ಇದು ಎಂಜಿನಿಯರ್ ಲೆಕ್ಕ ಹಾಕಿ ಮಾಡುವ ಕೆಲಸ, ನಾವೇ ಹಂಚು ತುಂಬಿಸಿಕೊಂಡರೆ ಸ್ಲ್ಯಾಬ್ ತಲೆಮೇಲೆ ಬಂದೀತು.

ಗಾಜಿನ ಬಾಟಲಿ ಕತ್ತರಿಸುವ ಆಟ ಹಲವರಿಗೆ ಇಷ್ಟ. ಹಿಂದೆ ಲಾಟೀನಿನ ಬಿಸಿ ಗಾಜಿಗೆ ಮಳೆಹನಿ ತಾಗಿದರೆ ಟಣ್ ಎಂದು ಬಿರಿಯುತ್ತಿತ್ತು, ನೆನಪಿದೆಯೇ? ಉಪಾಯ ಅದೇ. ಬಾಟಲಿಯ ಸುತ್ತ ಗಾಜು ಕತ್ತರಿಸುವ ಕತ್ತಿಯಿಂದ ಒಂದೇ ಗೆರೆ ಎಳೆದು, ಗೆರೆಯ ಮೇಲೆ ಬಿಸಿನೀರು, ತಣ್ಣೀರು ಒಂದಾದ ಮೇಲೊಂದು ಹೊಯ್ದರೆ, ಹಿಗ್ಗಿ ಕುಗ್ಗುವ ಗಾಜು ಗೆರೆಯಲ್ಲೇ ಬಿಡುತ್ತದೆ. ಅಂಚನ್ನು ನೀರು ಹಾಕುತ್ತಲೇ ಉಜ್ಜಬೇಕು. ಒಣಗಿದ ಗಾಜಿನ ಪುಡಿ ಉಸಿರಿನಲ್ಲಿ ಹೋಗಬಾರದು.

ಇವುಗಳ ತಂಟೆ ಬೇಡ

ಕೀಟನಾಶಕದ ಡಬ್ಬ ಎಷ್ಟೇ ಗಟ್ಟಿ ಇರಲಿ, ಬಣ್ಣ ಎಷ್ಟೇ ಚಂದ ಇರಲಿ, ಮನೆಯೊಳಗೆ ಅದಕ್ಕೆ ಕೆಲಸವಿಲ್ಲ. ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿದ ಜಿಲ್ಲೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೆಲ್ಲ ಅದರ ತಯಾರಿ, ಮಾರಾಟ, ಬಳಕೆ ನಿಲ್ಲಿಸಿದ್ದೂ ನಮಗೆ ಗೊತ್ತು. ಆದರೂ ಮದ್ದಿನ ಡಬ್ಬದಲ್ಲಿ ಹೂವಿನ ಗಿಡ, ಸೀಮೆಎಣ್ಣೆ ಎಲ್ಲ ಕಂಡದ್ದುಂಟು. ಅಂಥ ಡಬ್ಬವನ್ನು ಮೂರು ಸಲ ತೊಳೆದು, ಆ ನೀರನ್ನು ಸಿಂಪಡಿಸುವ ಮದ್ದಿಗೇ ಸೇರಿಸಿ, ಇನ್ನು ಯಾರೂ ಬಳಸದಂತೆ ತೂತು ಮಾಡಿ ಕೊಡಬೇಕು.

ಎಲ್‌ಇಡಿ ಅಲ್ಲದ ಹಳೆ ಮಾದರಿಯ ಟ್ಯೂಬ್‌ಲೈಟಿನಲ್ಲಿ ಪಾದರಸ ಇದೆ. ಕೊಟ್ಟಿಗೆಯ ಹಳೆ ಆಸ್‌ಬೆಸ್ಟಾಸ್ ಶೀಟನ್ನು ಕೊಯ್ದರೆ, ತೂತು ಕೊರೆದರೆ ಕಾಣದ ಎಳೆಗಳು ಶ್ವಾಸಕೋಶಕ್ಕೆ ಸೇರುತ್ತವೆ. ಫ್ಲೆಕ್ಸನ್ನು ಕಟ್ಟಿಗೆ ಮುಚ್ಚಲು ಹಾಕಿ, ಅಡ್ಡಿಯಿಲ್ಲ. ಭತ್ತ, ಹಪ್ಪಳ ಒಣಗಿಸಲು ಕೆಳಗೆ ಹಾಸುವುದು ಬೇಡ. ಬಿಸಿಲಿಗೆ ಅದರ ಬಣ್ಣ, ಪುಡಿ ಏಳುತ್ತದೆ. ಇನ್ನು ನೀರು ನಿಲ್ಲುವ ಯಾವುದೇ ಕಲೆ ನಮ್ಮ ಊರಿಗೆ ಆಗುವುದಿಲ್ಲ. ಟೈರಿನ ಹೂಕುಂಡವಿರಲಿ, ನೇತುಹಾಕಿದ ಗೆರಟೆಯಿರಲಿ, ಒಂದು ವಾರ ನೀರು ನಿಂತರೆ ಡೆಂಗಿಯ ಸೊಳ್ಳೆಗೆ ಮನೆಯಾಗುತ್ತದೆ. ಅಡಿಯಲ್ಲಿ ತೂತು ಮಾಡಿ.

ಬಣ್ಣ ಬಳಿದ ಬಾಟಲಿ

ಕಡೆಗೆ ಒಂದು ಇಕ್ಕಟ್ಟಿನ ವಿಷಯ. ನೀರಿನ ಪೆಟ್ ಬಾಟಲಿ ರೀಸೈಕ್ಲಿಂಗಿನಲ್ಲಿ ಒಳ್ಳೆ ಬೆಲೆಯ ವಸ್ತು. ತೊಳೆದು ಕೊಟ್ಟರೆ ಅದು ಪಾಲಿಯೆಸ್ಟರ್ ಎಳೆಯಾಗಿ ಬಟ್ಟೆಯಾಗಬಹುದು. ಅದನ್ನೇ ಕತ್ತರಿಸಿ, ಗಮ್ಮು ಹಚ್ಚಿ, ಬಣ್ಣ ಬಳಿದು, ಮಿಂಚು ಅಂಟಿಸಿ ಹೂವು ಮಾಡಿದಿರಿ ಅನ್ನಿ. ಒಂದು ಬೇಸಿಗೆಯ ಬಿಸಿಲಿಗೆ ಮಾಸುತ್ತದೆ, ಎರಡನೇ ಬೇಸಿಗೆಗೆ ಬಣ್ಣ, ಮಿಂಚು ಚಕ್ಕೆ ಚಕ್ಕೆಯಾಗಿ ಮಣ್ಣಿಗೆ ಬೀಳುತ್ತದೆ. ಆಗ ಅದನ್ನು ಯಾರೂ ತೆಗೆದುಕೊಳ್ಳುವುದಿಲ್ಲ, ಯಾಕೆಂದರೆ ಈಗ ಅದು ಬೆರಕೆ. ಒಳ್ಳೆಯ ಕಚ್ಚಾಮಾಲನ್ನು ನಾವೇ ಕೆಡಿಸಿದ ಹಾಗಾಯಿತು. ಅದಕ್ಕೇ ಅಂಟಿಸುವುದಕ್ಕಿಂತ ಹೊಲಿಯುವುದು, ಕಟ್ಟುವುದು, ತಿರುಪು ಹಾಕುವುದು ಮೇಲು. ನಾಳೆ ಬಿಚ್ಚಬಹುದು.

ಇಟ್ಟುಕೊಳ್ಳಬೇಕೋ ಕೊಡಬೇಕೋ ಎಂದು ನಿರ್ಧರಿಸಲು ನಾನು ಅತ್ತೆಯ ಮಾತನ್ನೇ ಸ್ವಲ್ಪ ತಿರುಗಿಸಿಕೊಂಡಿದ್ದೇನೆ. ಎಂತಕ್ಕೆ ಬೇಕು? ಇದಕ್ಕೆ ಆಗಲೇ ಒಂದು ಉತ್ತರ ಬಾಯಿಗೆ ಬಂದರೆ ಇಟ್ಟುಕೊಳ್ಳುತ್ತೇನೆ. ಮೀನಿನ ಚೀಲಕ್ಕೆ, ಅಡಿಕೆ ಒಣಗಿಸಲಿಕ್ಕೆ, ಹೀಗೆ. ಬರೀ "ಎಂತಕ್ಕಾದರೂ" ಅಂದರೆ ಅದು ಹಸಿರು ಕೋಟಿನವರ ಗೋಣಿಗೆ.

ಮರುತಿಂಗಳು ಅವರು ಬಂದಾಗ ಪ್ಲಾಸ್ಟಿಕ್ಕನ್ನು ಕೊಡೆಯ ಚೀಲದಲ್ಲೇ ತುಂಬಿಸಿ ಜಗಲಿಗೆ ತಂದೆ. ದೊಡ್ಡವರು ಚೀಲವನ್ನು ಮಗುಚಿ ಹೊಲಿಗೆ ನೋಡಿದರು, ಓರೆ ಗೆರೆಯ ಮೇಲೆ ಬೆರಳು ಎಳೆದರು. ತಮ್ಮ ಮನೆಯಲ್ಲೂ ಮೂರು ಮುರಿದ ಕೊಡೆ ಬಿದ್ದಿದೆ ಎಂದರು. ಹೇಗೆ ಮಾಡುವುದೆಂದು ಅರ್ಧ ಕನ್ನಡ, ಅರ್ಧ ಮಲಯಾಳದಲ್ಲಿ ಹೇಳಿಕೊಟ್ಟೆ. ಕಡ್ಡಿಗಳನ್ನು ಏನು ಮಾಡಿದಿರಿ ಎಂದು ಕೇಳಿದರು.

ಕಡ್ಡಿಗಳು ಅಟ್ಟದಲ್ಲಿವೆ. ಗುಜರಿಗೆ ಕೊಡೋಣ ಎಂದು ಕಟ್ಟಿಟ್ಟಿದ್ದೆ. ಅಲಸಂಡೆ ಬಳ್ಳಿಗೆ ಕೊಡಬಹುದೋ ಏನೋ ಎಂದು ಆಮೇಲೆ ಅನ್ನಿಸಿತು.